ಉಪ್ಪಿನಕಾಯಿ ಬಾಟಲಿಯ ಮೇಲಿನ 211

ಅಂಗಡಿಯಿಂದ ತಂದ ಉಪ್ಪಿನಕಾಯಿ, ಪುನರ್ಪುಳಿ ಸಿರಪ್, ಟೊಮೇಟೊ ಸಾಸ್, ಬಾಟಲಿಯ ತಂಪು ಪಾನೀಯ ಮೊದಲಾದವುಗಳ ಲೇಬಲ್ ಓದುವ ಅಭ್ಯಾಸವಿರುವವರಿಗೆ, ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ‘ಅನುಮತಿಸಲಾದ ಎರಡನೇ ವರ್ಗದ ಸಂರಕ್ಷಕ’ ಎಂಬ ಮಾತು ಅಥವಾ ‘ಐಎನ್‌ಎಸ್ 211’ ಎಂಬ ಸಂಖ್ಯೆ ಹೊಸದೇನಲ್ಲ. ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ವಸ್ತುಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯಾಕ್ರಮ. ಅದರಲ್ಲಿ 211 ಎಂದರೆ ಸೋಡಿಯಂ ಬೆಂಜೊಯೇಟ್. ನಮ್ಮ ಕರಾವಳಿಯ ಕಡೆ ಮಹಿಳೆಯರ ಸ್ವಸಹಾಯ ಸಂಘಗಳು ತಯಾರಿಸುವ ಸಿರಪ್ಪು, ಉಪ್ಪಿನಕಾಯಿಗಳ ಕೆಲಸದಲ್ಲಿ ಆಗಾಗ ಕೈಜೋಡಿಸುವುದರಿಂದ ಈ ಬಿಳಿ ಪುಡಿಯ ಕುರಿತು ಎರಡು ಬಗೆಯ ಮಾತುಗಳನ್ನು ಕೇಳುತ್ತಲೇ ಬಂದಿದ್ದೇನೆ. ಅದು ವಿಷ, ಮುಟ್ಟಲೇಬಾರದು ಎನ್ನುವವರು ಒಂದು ಕಡೆ. ಸರ್ಕಾರವೇ ಒಪ್ಪಿದೆಯಲ್ಲ, ಒಂದು ಚಿಟಿಕೆ ಹೆಚ್ಚು ಬಿದ್ದರೇನು ಎನ್ನುವವರು ಇನ್ನೊಂದು ಕಡೆ. ಎಷ್ಟು ಹಾಕಿದ್ದಾರೆ, ಯಾವುದಕ್ಕೆ ಹಾಕಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಇಬ್ಬರೂ ಕೇಳುವುದಿಲ್ಲ. ಈ ವಸ್ತುವಿನ ಉಪಯೋಗವಾಗಲಿ ಅಪಾಯವಾಗಲಿ ಪೂರ್ತಿಯಾಗಿ ಆ ಎರಡು ಪ್ರಶ್ನೆಗಳ ಮೇಲೆಯೇ ನಿಂತಿರುವುದರಿಂದ, ಅವುಗಳನ್ನು ಹಿಡಿದೇ ಇಲ್ಲಿ ಬರೆಯುತ್ತೇನೆ.

ಇದರ ಮೂಲ ಬೆಂಜೊಯಿಕ್ ಆಮ್ಲ. ದೇವರ ಕೋಣೆಯಲ್ಲಿ ಹೊಗೆ ಹಾಕುವ ಲೋಬಾನದ ಅಂಟನ್ನು ಕಾಯಿಸಿದಾಗ ಮೇಲೆದ್ದು ತಣ್ಣಗಾಗಿ ಹರಳಾಗುವ ಬಿಳಿಯ ವಸ್ತು ಇದೇ ಆಮ್ಲ. ಯುರೋಪಿನವರು ಇದನ್ನು 16ನೇ ಶತಮಾನದಲ್ಲಿಯೇ ಹೀಗೆ ಬೇರ್ಪಡಿಸಿದ್ದರು. ಇಂದು ಕಾರ್ಖಾನೆಗಳಲ್ಲಿ ಟಾಲುವಿನ್ ಎಂಬ ದ್ರವವನ್ನು ಆಮ್ಲಜನಕದೊಡನೆ ವರ್ತಿಸುವಂತೆ ಮಾಡಿ ಆಮ್ಲವನ್ನು ತಯಾರಿಸಿ, ಅದನ್ನು ಕಾಸ್ಟಿಕ್ ಸೋಡಾದಿಂದ ತಟಸ್ಥಗೊಳಿಸಿ ಸೋಡಿಯಂ ಬೆಂಜೊಯೇಟ್ ಪಡೆಯುತ್ತಾರೆ. ದಾಲ್ಚಿನ್ನಿ, ಲವಂಗ, ಪಶ್ಚಿಮ ದೇಶಗಳ ಕ್ರ್ಯಾನ್‌ಬೆರಿ ಹಣ್ಣು ಇವುಗಳಲ್ಲಿ ಬೆಂಜೊಯಿಕ್ ಆಮ್ಲ ಸಹಜವಾಗಿಯೇ ಇದೆ. ಹಾಲಿನಲ್ಲಿರುವ ಹಿಪ್ಪೂರಿಕ್ ಆಮ್ಲವನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳು ಒಡೆಯುವುದರಿಂದ ಮೊಸರಿನಲ್ಲಿಯೂ ಅದು ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ. ಸಹಜವಾಗಿ ಸಿಗುತ್ತದೆ ಎಂದಮಾತ್ರಕ್ಕೆ ಒಂದು ವಸ್ತು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಹಕ್ಕೆ ಇದು ಅಪರಿಚಿತ ವಸ್ತುವಲ್ಲ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ಈ ಪುಡಿ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಇದರ ಬಗೆಗಿನ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ. ಸೋಡಿಯಂ ಬೆಂಜೊಯೇಟ್ ತಾನೇ ನೇರವಾಗಿ ಬೂಷ್ಟನ್ನಾಗಲಿ ಯೀಸ್ಟನ್ನಾಗಲಿ ತಡೆಯುವುದಿಲ್ಲ. ಹುಳಿಯಾದ ಆಹಾರದೊಳಗೆ ಸೇರಿದಾಗ ಅದು ಬೆಂಜೊಯಿಕ್ ಆಮ್ಲವಾಗಿ ಬದಲಾಗುತ್ತದೆ, ಮತ್ತು ವಿಘಟನೆಯಾಗದೆ ಉಳಿದ ಈ ಆಮ್ಲದ ಅಣುಗಳು ಮಾತ್ರ ಸೂಕ್ಷ್ಮಜೀವಿಯ ಕೋಶದ ಪೊರೆಯನ್ನು ದಾಟಿ ಒಳಗೆ ಹೋಗಬಲ್ಲವು. ಕೋಶದ ಒಳಗೆ ಹುಳಿಯಿಲ್ಲದ ಕಾರಣ ಅಲ್ಲಿ ಅವು ಒಡೆದು ಆಮ್ಲೀಯತೆಯನ್ನು ಹೆಚ್ಚಿಸುತ್ತವೆ. ಆ ಆಮ್ಲವನ್ನು ಹೊರಹಾಕುವುದರಲ್ಲಿಯೇ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುವ ಜೀವಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ಆಹಾರದ ಪಿಎಚ್ 4.2 ಇದ್ದಾಗ ಬೆಂಜೊಯಿಕ್ ಆಮ್ಲದ ಅರ್ಧ ಭಾಗ ಹೀಗೆ ಒಳನುಗ್ಗಬಲ್ಲ ರೂಪದಲ್ಲಿರುತ್ತದೆ. ಪಿಎಚ್ 3.2ಕ್ಕೆ ಇಳಿದರೆ ನೂರಕ್ಕೆ 90ರಷ್ಟು ಆ ರೂಪಕ್ಕೆ ಬರುತ್ತದೆ. 6ಕ್ಕೆ ಏರಿದರೆ ನೂರಕ್ಕೆ ಎರಡು ಪಾಲೂ ಉಳಿಯುವುದಿಲ್ಲ.

ಆದ್ದರಿಂದ ನಿಂಬೆ, ಮಾವು, ಪುನರ್ಪುಳಿ, ಟೊಮೇಟೊ, ವಿನೆಗರ್ ಇರುವ ಸಾಸ್ ಇವೆಲ್ಲ ಈ ಪುಡಿಗೆ ತಕ್ಕ ಜಾಗಗಳು. ತೆಂಗಿನಕಾಯಿ ಚಟ್ನಿ, ಹಾಲಿನ ಪದಾರ್ಥ, ಕಬ್ಬಿನ ಹಾಲು, ಸಾಂಬಾರು ಇವು ತಕ್ಕವಲ್ಲ. ಹುಳಿಯಿಲ್ಲದ ಪದಾರ್ಥಕ್ಕೆ ಇದನ್ನು ಹಾಕಿದರೆ ಪದಾರ್ಥ ಉಳಿಯುವುದಿಲ್ಲ, ತಿನ್ನುವವರ ಹೊಟ್ಟೆಗೆ ಮಾತ್ರ ಕಾರಣವಿಲ್ಲದೆ ಒಂದು ರಾಸಾಯನಿಕ ಸೇರುತ್ತದೆ. ಉಳಿಯಲಿಲ್ಲವೆಂದು ಇನ್ನಷ್ಟು ಹಾಕುವವರೂ ಇದ್ದಾರೆ. ಮಿತಿ ಮೀರುವುದು ಹೆಚ್ಚಾಗಿ ಹೀಗೆಯೇ. ಇನ್ನೂ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಬೆಂಜೊಯೇಟ್ ಮುಖ್ಯವಾಗಿ ಬೂಷ್ಟು ಮತ್ತು ಯೀಸ್ಟುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು, ಕೊಳಕು ಪಾತ್ರೆಯಿಂದಲೋ ಕೆಟ್ಟ ಹಣ್ಣಿನಿಂದಲೋ ಆಗಲೇ ತುಂಬಿಕೊಂಡಿರುವ ಜೀವಿಗಳನ್ನು ಕೊಂದು ಆಹಾರವನ್ನು ಶುದ್ಧ ಮಾಡುವುದಿಲ್ಲ. ಬೆಂಜೊಯೇಟನ್ನು ಸಹಿಸಿಕೊಂಡು ಬದುಕುವ ಯೀಸ್ಟುಗಳೂ ಇವೆ, ಮತ್ತು ಸ್ವಚ್ಛತೆ ಇಲ್ಲದ ಘಟಕಗಳಲ್ಲಿ ಸಿರಪ್ ಬಾಟಲಿಯ ಮುಚ್ಚಳವನ್ನು ಉಬ್ಬಿಸುವವು ಇಂಥವೇ.

ನಮ್ಮ ದೇಶದ ಆಹಾರ ನಿಯಮಗಳು ಸಂರಕ್ಷಕಗಳನ್ನು ಎರಡು ವರ್ಗವಾಗಿ ವಿಂಗಡಿಸಿವೆ. ಉಪ್ಪು, ಸಕ್ಕರೆ, ವಿನೆಗರ್, ಸಾಂಬಾರ ಪದಾರ್ಥಗಳು, ಜೇನು, ಖಾದ್ಯ ತೈಲ ಇವು ಮೊದಲ ವರ್ಗ. ಬೆಂಜೊಯೇಟುಗಳು, ಗಂಧಕದ ಡೈಆಕ್ಸೈಡ್ ಕೊಡುವ ಲವಣಗಳು, ಸೋರ್ಬಿಕ್ ಆಮ್ಲ ಮೊದಲಾದವು ಎರಡನೇ ವರ್ಗ. ಎರಡನೇ ವರ್ಗದ ವಸ್ತುಗಳನ್ನು ಇಂತಿಂಥ ಆಹಾರದಲ್ಲಿ ಇಂತಿಷ್ಟೇ ಎಂಬ ಮಿತಿಯೊಳಗೆ ಬಳಸಬೇಕು, ಮತ್ತು ನಿಯಮವು ಬೇರೆಯಾಗಿ ಅವಕಾಶ ಕೊಡದ ಹೊರತು ಒಂದೇ ಆಹಾರದಲ್ಲಿ ಎರಡನ್ನು ಬೆರೆಸಬಾರದು. ಬೆಂಜೊಯಿಕ್ ಆಮ್ಲಕ್ಕೆ ಬಹುಕಾಲದಿಂದ ನಡೆದುಬಂದ ಮಿತಿ ಉಪ್ಪಿನಕಾಯಿಗೆ 250 ಪಿಪಿಎಂ, ಸ್ಕ್ವಾಷ್ ಮತ್ತು ಹಣ್ಣಿನ ಸಿರಪ್ಪಿಗೆ 600, ನೇರವಾಗಿ ಕುಡಿಯುವ ಹಣ್ಣಿನ ಪಾನೀಯಕ್ಕೆ 120, ಜಾಮಿಗೆ 200, ಟೊಮೇಟೊ ಕೆಚಪ್ಪಿಗೆ 750. ಪಿಪಿಎಂ ಎಂದರೆ ಒಂದು ಕಿಲೋಗ್ರಾಂ ಆಹಾರದಲ್ಲಿ ಇರಬಹುದಾದ ಮಿಲಿಗ್ರಾಂಗಳು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಮಾರಾಟಕ್ಕೆ ತಯಾರಿಸುವವರು ಚಾಲ್ತಿಯಲ್ಲಿರುವ ಪಟ್ಟಿಯನ್ನೇ ನೋಡಿಕೊಳ್ಳಬೇಕು.

ಈ ವರ್ಗದಲ್ಲಿ ನಮ್ಮ ಅಡುಗೆಮನೆಗಳಿಗೆ ಪರಿಚಿತವಾದ ಇನ್ನೊಂದು ವಸ್ತು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಸ್ಕ್ವಾಷ್ ಮಾಡುವವರು ಅದನ್ನು ಕೆಎಂಎಸ್ ಎಂದೇ ಕರೆಯುತ್ತಾರೆ. ನಿಂಬೆ, ಕಿತ್ತಳೆ, ಮಾವಿನ ರಸಕ್ಕೆ ಅದು ಹೊಂದುತ್ತದೆ. ಆದರೆ ಪುನರ್ಪುಳಿ, ನೇರಳೆ, ದಾಳಿಂಬೆಯಂಥ ಕೆಂಪು, ನೇರಳೆ ಬಣ್ಣದ ರಸಗಳಿಗೆ ಹಾಕಿದರೆ ಗಂಧಕದ ಡೈಆಕ್ಸೈಡ್ ಆ ಸಹಜ ಬಣ್ಣವನ್ನೇ ಬಿಳಿಚಿಸಿಬಿಡುತ್ತದೆ. ಕೆಂಪು ರಸಗಳಿಗೆ ಬೆಂಜೊಯೇಟನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಇದು.

ಪುನರ್ಪುಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಭರಣಿಯಲ್ಲಿ ಪದರ ಪದರವಾಗಿ ಜೋಡಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ಒಂದು ವಾರದೊಳಗೆ ಗಾಢ ಕೆಂಪಿನ ಪಾಕ ಬಿಟ್ಟುಕೊಳ್ಳುತ್ತದೆ. ಸಕ್ಕರೆ ಸಾಕಷ್ಟಿದ್ದು, ನೀರಿನ ಪಸೆ ತಾಕದಿದ್ದರೆ ಈ ಪಾಕಕ್ಕೆ ಬೇರೆ ಯಾವ ಸಂರಕ್ಷಕವೂ ಬೇಡ. ಮಾರಾಟಕ್ಕೆ ಇಳಿದಾಗ ಪರಿಸ್ಥಿತಿ ಬದಲಾಗುತ್ತದೆ: ಸಕ್ಕರೆ ಕಡಿಮೆ ಇರಲಿ ಎಂಬ ಬೇಡಿಕೆ ಬರುತ್ತದೆ, ಬಾಟಲಿಗಳು ಬೇಸಿಗೆಯ ಸೆಕೆಯಲ್ಲಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುತ್ತವೆ, ಕೊಂಡವರು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆರೆಯುತ್ತಾರೆ. ಆಗ ಬೆಂಜೊಯೇಟಿಗೆ ನಿಜವಾದ ಕೆಲಸ ಹುಟ್ಟುತ್ತದೆ.

ಒಂದು ಸಂಘದ ಅಡುಗೆಮನೆಯಲ್ಲಿ ಸೋಸಿ ಆರಿಸಿದ ಸಿರಪ್ಪಿನ ಮೇಲೆ ಪುಡಿಯನ್ನು ಒಣದಾಗಿಯೇ ಉದುರಿಸಿದ್ದನ್ನು ನಾನು ನೋಡಿದ್ದೇನೆ. ಸೌಟಿನಿಂದ ಎಷ್ಟು ಕಲಕಿದರೂ ಕರಗದೆ ಬಿಳಿಯ ಸಣ್ಣ ಚೂರುಗಳು ಮೇಲ್ಭಾಗದಲ್ಲಿ ತೇಲುತ್ತಿದ್ದವು. ಸಕ್ಕರೆಯೇ ಕಲಬೆರಕೆ ಇರಬೇಕು ಎಂದು ಅಲ್ಲಿದ್ದವರು ಸಂಶಯಪಟ್ಟರು. ಸಕ್ಕರೆಯಲ್ಲಿ ದೋಷವಿರಲಿಲ್ಲ. ಸೋಡಿಯಂ ಬೆಂಜೊಯೇಟ್ ಒಂದು ಲೀಟರ್ ನೀರಿನಲ್ಲಿ 500 ಗ್ರಾಂಗೂ ಹೆಚ್ಚು ಕರಗುತ್ತದೆ, ಬೆಂಜೊಯಿಕ್ ಆಮ್ಲವಾದರೋ ಮೂರೂವರೆ ಗ್ರಾಂ ಕರಗಿದರೆ ಹೆಚ್ಚು. ಪುನರ್ಪುಳಿಯಷ್ಟು ಹುಳಿಯಾದ ರಸಕ್ಕೆ ಪುಡಿ ಬಿದ್ದ ಕೂಡಲೇ ಬಿದ್ದ ಜಾಗದಲ್ಲಿಯೇ ಅದು ಆಮ್ಲವಾಗಿ ಮಾರ್ಪಟ್ಟು, ಕರಗಲಾಗದೆ ಹರಳುಗಟ್ಟಿತ್ತು. ಇದರಿಂದ ಒಂದು ಬಾಟಲಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಸಿರಪ್ಪನ್ನು ಕಲಕುತ್ತಲೇ ಸಣ್ಣ ಧಾರೆಯಾಗಿ ಸೇರಿಸುವುದು ಸರಿಯಾದ ಕ್ರಮ. ಕುದಿಯುತ್ತಿರುವಾಗ ಹಾಕಬಾರದು, ಏಕೆಂದರೆ ಬೆಂಜೊಯಿಕ್ ಆಮ್ಲ ಆವಿಯೊಡನೆ ಸ್ವಲ್ಪಮಟ್ಟಿಗೆ ಹಾರಿಹೋಗುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ನಿಯಮದ ಮಿತಿ ಇರುವುದು ಬೆಂಜೊಯಿಕ್ ಆಮ್ಲದ ಲೆಕ್ಕದಲ್ಲಿ. ನಮ್ಮ ಕೈಯಲ್ಲಿರುವುದು ಸೋಡಿಯಂ ಬೆಂಜೊಯೇಟ್. ಒಂದು ಗ್ರಾಂ ಬೆಂಜೊಯೇಟಿನಿಂದ ಸುಮಾರು 0.85 ಗ್ರಾಂ ಆಮ್ಲ ಸಿಗುತ್ತದೆ. ಆದ್ದರಿಂದ ಉಪ್ಪಿನಕಾಯಿಗೆ ಕಿಲೋಗೆ ಹೆಚ್ಚೆಂದರೆ 295 ಮಿಲಿಗ್ರಾಂ, ಅಂದರೆ 10 ಕಿಲೋ ಉಪ್ಪಿನಕಾಯಿಗೆ 3 ಗ್ರಾಂಗಿಂತ ತುಸು ಕಡಿಮೆ. 10 ಕಿಲೋ ಸಿರಪ್ಪಿಗೆ 7 ಗ್ರಾಂ. ಇಷ್ಟು ಸಣ್ಣ ತೂಕವನ್ನು ಚಿಟಿಕೆಯಿಂದಲೋ ಚಮಚದಿಂದಲೋ ನಿರ್ಧರಿಸಲು ಸಾಧ್ಯವಿಲ್ಲ. ನುಣುಪು ಪುಡಿ ಮತ್ತು ಹರಳು ಪುಡಿಗಳು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಚಿನ್ನ ಬೆಳ್ಳಿಯವರು ಬಳಸುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಈಗ ದುಬಾರಿಯೇನಲ್ಲ. ಮಿಕ್ಸಿ, ಸೀಲಿಂಗ್ ಯಂತ್ರಗಳಿಗೆ ಹಣ ಹೂಡುವ ಸಂಘ ಮೊದಲು ಇದನ್ನು ಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೊಳ್ಳುವಾಗ ಪೊಟ್ಟಣದ ಮೇಲೆ ಆಹಾರ ದರ್ಜೆಯದು ಎಂದು ಬರೆದಿರುವುದನ್ನೂ ನೋಡಬೇಕು, ಏಕೆಂದರೆ ಇದೇ ವಸ್ತುವನ್ನು ಕೈಗಾರಿಕೆಗಳಲ್ಲಿ ಲೋಹಕ್ಕೆ ತುಕ್ಕು ಹಿಡಿಯದಿರಲು ಸಹ ಬಳಸುತ್ತಾರೆ ಮತ್ತು ಆ ದರ್ಜೆಯ ಪುಡಿಗೆ ಆಹಾರದ ಶುದ್ಧತೆಯ ಮಾನದಂಡ ಅನ್ವಯಿಸುವುದಿಲ್ಲ.

ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ವಿಜ್ಞಾನಕ್ಕೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಬೆಂಜೊಯಿಕ್ ಆಮ್ಲವು ಯಕೃತ್ತಿನಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲದೊಂದಿಗೆ ಕೂಡಿ ಹಿಪ್ಪೂರಿಕ್ ಆಮ್ಲವಾಗುತ್ತದೆ ಮತ್ತು ಕೆಲವೇ ಗಂಟೆಗಳಲ್ಲಿ ಬಹುಪಾಲು ಮೂತ್ರದ ಮೂಲಕ ಹೊರಹೋಗುತ್ತದೆ. ಕೊಬ್ಬಿನಲ್ಲಿ ಶೇಖರವಾಗಿ ವರ್ಷಗಟ್ಟಲೆ ಉಳಿಯುವುದಿಲ್ಲ. 19ನೇ ಶತಮಾನದ ಮಧ್ಯಭಾಗಕ್ಕಿಂತ ಮೊದಲೇ ರಸಾಯನಶಾಸ್ತ್ರಜ್ಞರು ಬೆಂಜೊಯಿಕ್ ಆಮ್ಲ ಸೇವಿಸಿ ತಮ್ಮ ಮೂತ್ರದಲ್ಲಿ ಹಿಪ್ಪೂರಿಕ್ ಆಮ್ಲವನ್ನು ಕಂಡುಕೊಂಡಿದ್ದರು. ಹೀಗೆ ಹೊರಹೋಗುವಾಗ ಸಾರಜನಕವನ್ನೂ ಜೊತೆಗೆ ಒಯ್ಯುವುದರಿಂದ, ಯೂರಿಯಾ ಚಕ್ರದ ಆನುವಂಶಿಕ ದೋಷದಿಂದ ರಕ್ತದಲ್ಲಿ ಅಮೋನಿಯಾ ಏರುವ ಮಕ್ಕಳಿಗೆ ವೈದ್ಯರು ಸೋಡಿಯಂ ಬೆಂಜೊಯೇಟನ್ನು ಔಷಧಿಯಾಗಿಯೇ ಕೊಡುತ್ತಾರೆ. ಅದು ಆಸ್ಪತ್ರೆಯ ನಿಗಾದಲ್ಲಿ ಕೊಡುವ ದೊಡ್ಡ ಪ್ರಮಾಣ. ಊಟದ ಲೆಕ್ಕಕ್ಕೆ ಅದನ್ನು ಆಧಾರವಾಗಿ ಹಿಡಿಯುವಂತಿಲ್ಲ.

ಊಟದ ಲೆಕ್ಕಕ್ಕೆ ಬೇಕಾದದ್ದು ಜೀವಮಾನವಿಡೀ ದಿನವೂ ಸೇವಿಸಿದರೂ ತೊಂದರೆಯಾಗದು ಎಂದು ತಜ್ಞರು ನಿಗದಿ ಮಾಡಿದ ಪ್ರಮಾಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಇದನ್ನು ಬಹುಕಾಲ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಎಂದು ಇಟ್ಟಿತ್ತು. 2021ರಲ್ಲಿ ಹೊಸ ಅಧ್ಯಯನಗಳನ್ನು ಪರಿಶೀಲಿಸಿ 20ಕ್ಕೆ ಏರಿಸಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಮರುಪರಿಶೀಲನೆಯಲ್ಲಿ 5 ಎಂದೇ ಹೇಳಿತ್ತು. ನಾನು ಕಡಿಮೆಯ ಅಂಕಿಯನ್ನೇ ಹಿಡಿಯುತ್ತೇನೆ. 50 ಕಿಲೋ ತೂಕದವರಿಗೆ ಅದು ದಿನಕ್ಕೆ 250 ಮಿಲಿಗ್ರಾಂ. ಊಟದ ಎಲೆಗೆ ಬಡಿಸಿಕೊಳ್ಳುವ 20 ಗ್ರಾಂ ಉಪ್ಪಿನಕಾಯಿಯಲ್ಲಿ, ಮಿತಿಯಷ್ಟೇ ಹಾಕಿದ್ದರೆ, ಇರುವುದು 5 ಮಿಲಿಗ್ರಾಂ. ಅದೇ 20 ಗ್ರಾಂನಲ್ಲಿ ನೂರಕ್ಕೆ 15ರಷ್ಟು ಉಪ್ಪಿದ್ದರೆ 3 ಗ್ರಾಂ ಉಪ್ಪು ದೇಹಕ್ಕೆ ಹೋಗುತ್ತದೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬ ವಯಸ್ಕರಿಗೆ ಇಡೀ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ರಕ್ತದೊತ್ತಡ ಇರುವ ಹಿರಿಯರ ಮನೆಯಲ್ಲಿ 211ರ ಬಗ್ಗೆ ಆತಂಕಪಡುತ್ತ ಉಪ್ಪಿನ ಬಗ್ಗೆ ನಿಶ್ಚಿಂತೆಯಿಂದಿರುವುದನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಮಕ್ಕಳ ಲೆಕ್ಕ ಬೇರೆ. 15 ಕಿಲೋ ತೂಕದ ಮಗುವಿಗೆ ಕಡಿಮೆಯ ಅಂಕಿಯ ಪ್ರಕಾರ ದಿನದ ಮಿತಿ 75 ಮಿಲಿಗ್ರಾಂ. 120 ಪಿಪಿಎಂ ಇರುವ 250 ಮಿಲಿಲೀಟರ್ ಪಾನೀಯದಲ್ಲಿ 30 ಮಿಲಿಗ್ರಾಂ ಇರುತ್ತದೆ. ಹಬ್ಬದ ದಿನವೋ ಮದುವೆಯ ಮನೆಯಲ್ಲೋ ಮಗು ಮೂರು ಬಾಟಲಿ ಕುಡಿದರೆ ಆ ಗೆರೆ ದಾಟುತ್ತದೆ. ಒಂದು ದಿನ ದಾಟಿದರೆ ಅನಾಹುತವಾಗುವ ಗೆರೆ ಅದಲ್ಲ, ನಿತ್ಯದ ರೂಢಿಗೆ ಹಾಕಿದ ಗೆರೆ. ಆದರೆ ಬಾಟಲಿ ಪಾನೀಯವೇ ನಿತ್ಯದ ರೂಢಿಯಾಗಿರುವ ಮನೆಗಳಿಗೆ ಈ ಲೆಕ್ಕ ಅನ್ವಯಿಸುತ್ತದೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಕ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕುಡಿದ 3 ವರ್ಷದ ಮತ್ತು 8-9 ವರ್ಷದ ಮಕ್ಕಳಲ್ಲಿ ಕೆಲವರ ಚಡಪಡಿಕೆ ಸ್ವಲ್ಪ ಹೆಚ್ಚಿದ್ದು ಕಂಡುಬಂತು. ಬಣ್ಣ, ಬೆಂಜೊಯೇಟ್ ಎರಡೂ ಒಟ್ಟಿಗೆ ಇದ್ದ ಕಾರಣ ಯಾವುದರ ಪಾಲು ಎಷ್ಟು ಎಂದು ಆ ಅಧ್ಯಯನದಿಂದ ಬಿಡಿಸಿ ಹೇಳಲಾಗದು. ಯುರೋಪ್ ಆನಂತರ ಆರು ಬಣ್ಣಗಳಿಗೆ ಎಚ್ಚರಿಕೆಯ ಲೇಬಲ್ ಕಡ್ಡಾಯ ಮಾಡಿತು, ಬೆಂಜೊಯೇಟಿಗೆ ಮಾಡಲಿಲ್ಲ. ಇದಲ್ಲದೆ, ಪದೇ ಪದೇ ಪಿತ್ತಗಂಧೆ ಏಳುವವರಲ್ಲಿ ಮತ್ತು ಆಸ್ತಮಾ ಇರುವವರಲ್ಲಿ ಕೆಲವರಿಗೆ ಬೆಂಜೊಯೇಟ್ ಒಗ್ಗುವುದಿಲ್ಲ. ಅಂಥವರು ಲೇಬಲ್ಲಿನಲ್ಲಿ 210ರಿಂದ 213ರವರೆಗಿನ ಸಂಖ್ಯೆಗಳನ್ನು ಗಮನಿಸಬೇಕು. ನಾಲ್ಕೂ ಒಂದೇ ಆಮ್ಲದ ರೂಪಗಳು.

ನನಗೆ ಹೆಚ್ಚು ಎಚ್ಚರ ಬೇಕೆನಿಸುವುದು ಇನ್ನೊಂದು ಕಡೆ. ಬೆಂಜೊಯೇಟ್ ಮತ್ತು ವಿಟಮಿನ್ ಸಿ ಒಂದೇ ಪಾನೀಯದಲ್ಲಿದ್ದು, ಕಬ್ಬಿಣದ ಅಥವಾ ತಾಮ್ರದ ಅಂಶ ಸ್ವಲ್ಪ ಸೇರಿ, ಬಾಟಲಿ ಬಿಸಿಲಿಗೋ ಸೆಕೆಗೋ ಒಡ್ಡಿಕೊಂಡರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ ಎಂಬುದರಲ್ಲಿ ಸಂದೇಹವಿಲ್ಲ. 1990ರ ದಶಕದ ಆರಂಭದಲ್ಲಿ ತಿಳಿದುಬಂದ ಈ ಸಂಗತಿ 2005ರ ಹೊತ್ತಿಗೆ ಅಮೆರಿಕದಲ್ಲಿ ಮತ್ತೆ ಮುನ್ನೆಲೆಗೆ ಬಂತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ನಡೆಸಿದ ಪರೀಕ್ಷೆಗಳಲ್ಲಿ ಹೆಚ್ಚಿನ ಪಾನೀಯಗಳು ಕುಡಿಯುವ ನೀರಿನ ಮಿತಿಯಾದ 5 ಪಿಪಿಬಿಗಿಂತ (ಪಿಪಿಎಂನ ಸಾವಿರದ ಒಂದು ಭಾಗ ಒಂದು ಪಿಪಿಬಿ) ಕೆಳಗಿದ್ದವು, ಕೆಲವು ಮೀರಿದ್ದವು. ಮೀರಿದವುಗಳ ಸೂತ್ರವನ್ನು ತಯಾರಕರು ಬದಲಿಸಿದರು. ಸಕ್ಕರೆ ಈ ಕ್ರಿಯೆಯನ್ನು ತಗ್ಗಿಸುತ್ತದೆ, ಆದ್ದರಿಂದ ಸಕ್ಕರೆರಹಿತ ಪಾನೀಯಗಳಲ್ಲಿ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಇದು ನೇರವಾಗಿ ತಟ್ಟುವುದು ನೆಲ್ಲಿಕಾಯಿ ರಸಕ್ಕೆ. ವಿಟಮಿನ್ ಸಿ ಹೇರಳವಾಗಿದೆ ಎಂಬ ಕಾರಣಕ್ಕಾಗಿಯೇ ಮಾರಾಟವಾಗುವ, ಸಕ್ಕರೆ ಹಾಕದ, ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಅಂಗಡಿಯ ಹೊರಗೆ ಬಿಸಿಲಿಗೆ ಸಾಲಾಗಿ ನಿಲ್ಲುವ ಈ ರಸಕ್ಕೆ ಬೆಂಜೊಯೇಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಎಂಎಸ್ ಅಥವಾ ಸೋರ್ಬಿಕ್ ಆಮ್ಲದ ಲವಣವಾದ ಸೋರ್ಬೇಟ್ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಕಾಯಿಯನ್ನೇ ತಿನ್ನುವುದು.

ಈ ಪುಡಿಯ ಸುತ್ತ ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ದೊಡ್ಡ ವಿವಾದವೇ ನಡೆದಿತ್ತು. ಅಲ್ಲಿನ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ 1902ರಿಂದ ಸ್ವಯಂಸೇವಕ ಯುವಕರಿಗೆ ಬೊರಾಕ್ಸ್, ಫಾರ್ಮಾಲ್ಡಿಹೈಡ್, ಬೆಂಜೊಯೇಟ್ ಮೊದಲಾದವುಗಳನ್ನು ಊಟದೊಂದಿಗೆ ಕೊಟ್ಟು ಪರಿಣಾಮಗಳನ್ನು ದಾಖಲಿಸಿದರು ಮತ್ತು ಬೆಂಜೊಯೇಟ್ ಹಾನಿಕರ ಎಂಬ ನಿರ್ಣಯಕ್ಕೆ ಬಂದರು. ತಯಾರಕರ ವಿರೋಧ ಎದ್ದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ರಸಾಯನಶಾಸ್ತ್ರಜ್ಞ ಐರಾ ರೆಮ್ಸನ್ ನೇತೃತ್ವದಲ್ಲಿ ತಜ್ಞರ ಮಂಡಳಿ ನೇಮಿಸಿದರು. ಆ ಮಂಡಳಿ 1909ರಲ್ಲಿ, ಸಣ್ಣ ಪ್ರಮಾಣದಲ್ಲಿ ಇದರಿಂದ ಹಾನಿಯಿಲ್ಲ ಎಂದಿತು. ವಿಷದ ವಿಷಯದಲ್ಲಿ ಮುಂದಿನ ಅಧ್ಯಯನಗಳು ರೆಮ್ಸನ್ ಮಂಡಳಿಯ ಕಡೆಗೇ ವಾಲಿದವು. ಆದರೆ ವೈಲಿಯವರ ಇನ್ನೊಂದು ಆಕ್ಷೇಪ ಇವತ್ತಿಗೂ ಸರಿಯಾಗಿದೆ: ಕೆಚಪ್ ತಯಾರಕರು ಕೊಳೆತ ಟೊಮೇಟೊ, ಉಳಿದ ಸಿಪ್ಪೆ, ತಿರುಳುಗಳನ್ನು ಬಳಸಿ, ಹುಳಿತು ಹೋಗದಂತೆ ಬೆಂಜೊಯೇಟ್ ಸುರಿಯುತ್ತಿದ್ದರು. ಅದೇ ಕಾಲದಲ್ಲಿ ಹೈನ್ಜ್ ಕಂಪನಿಯು ಚೆನ್ನಾಗಿ ಮಾಗಿದ ಟೊಮೇಟೊ, ಹೆಚ್ಚು ವಿನೆಗರ್, ಹೆಚ್ಚು ಸಕ್ಕರೆ ಬಳಸಿ ಬೆಂಜೊಯೇಟ್ ಇಲ್ಲದೆ ಕೆಚಪ್ ಮಾಡಲು ಸಾಧ್ಯ ಎಂದು ತೋರಿಸಿಕೊಟ್ಟಿತು. ಕೆಟ್ಟ ಕಚ್ಚಾವಸ್ತುವನ್ನು ಮರೆಮಾಚಲು ಸಂರಕ್ಷಕ ಬಳಸುವುದು ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ತಪ್ಪು, ಮತ್ತು ಇದನ್ನು ಲೇಬಲ್ಲಿನ ಯಾವ ಸಂಖ್ಯೆಯೂ ಕೊಳ್ಳುವವರಿಗೆ ತಿಳಿಸುವುದಿಲ್ಲ.

ಮಲೆನಾಡಿನ ಮಿಡಿ ಉಪ್ಪಿನಕಾಯಿಯನ್ನು ನೋಡಿದರೆ, ಹಿರಿಯರು ಕಲ್ಲುಪ್ಪಿನಲ್ಲಿ ಮಿಡಿ ಸುಕ್ಕುಗಟ್ಟುವವರೆಗೆ ಹಾಕಿಟ್ಟು, ಒಣಗಿದ ಭರಣಿ, ಒಣಗಿದ ಕೈ ಎಂಬ ಕಟ್ಟುನಿಟ್ಟಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಆ ಉಪ್ಪಿನಲ್ಲಿ ಬೆಂಜೊಯೇಟಿಗೆ ಮಾಡಲು ಕೆಲಸವೇ ಇಲ್ಲ. ನಮ್ಮ ಮನೆಯ ಭರಣಿಗೆ ನಾನು ಅದನ್ನು ಹಾಕುವುದಿಲ್ಲ. ಕಡಿಮೆ ಉಪ್ಪು, ಕಡಿಮೆ ಎಣ್ಣೆಯ ಉಪ್ಪಿನಕಾಯಿ ಬೇಕೆಂದು ನಾವೇ ಕೇಳಿ ಕೊಂಡುತರುವಾಗ ಮಾತ್ರ, ಉಪ್ಪು ಮಾಡುತ್ತಿದ್ದ ಕೆಲಸವನ್ನು ಇನ್ನೊಂದು ವಸ್ತು ಮಾಡಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ‘ಸಂರಕ್ಷಕ ಇಲ್ಲ’ ಎಂದು ದೊಡ್ಡದಾಗಿ ಅಚ್ಚು ಹಾಕಿದ, ಉಪ್ಪೂ ಎಣ್ಣೆಯೂ ಕಡಿಮೆಯಿರುವ, ಆದರೂ ಕಪಾಟಿನಲ್ಲಿ ಒಂದು ವರ್ಷ ಬಾಳುತ್ತದೆ ಎನ್ನುವ ಬಾಟಲಿ ಸಿಕ್ಕರೆ, ತಯಾರಿಸಿದವರನ್ನು ಹೇಗೆ ಸಾಧ್ಯವಾಯಿತು ಎಂದು ಕೇಳುವುದು ಕೊಳ್ಳುವವರ ಹಕ್ಕು. ಚೆನ್ನಾಗಿ ಬಿಸಿ ಮಾಡಿ ಗಾಳಿಯಾಡದಂತೆ ಮುಚ್ಚಿರಬಹುದು, ವಿನೆಗರ್ ಹೆಚ್ಚಿರಬಹುದು. ಅದಕ್ಕೆ ಪ್ರಾಮಾಣಿಕ ಉತ್ತರವಿರುತ್ತದೆ. ಹಾಗೆ ಬಿಸಿಯಿಂದ ಕಾಪಾಡಿದ ಬಾಟಲಿಯನ್ನು ಒಮ್ಮೆ ತೆರೆದ ಮೇಲೆ ಫ್ರಿಜ್ಜಿನಲ್ಲಿಡಬೇಕು ಮತ್ತು ಒದ್ದೆ ಚಮಚ ತಾಕಿಸದೆ ಬೇಗನೆ ಮುಗಿಸಬೇಕು.

ಮಾರಾಟಕ್ಕೆ ತಯಾರಿಸುವ ಸಂಘಗಳವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ನಡೆಸುವ ಅಲ್ಪಾವಧಿ ತರಬೇತಿಗಳ ಮಾಹಿತಿ ಪಡೆದುಕೊಳ್ಳಬೇಕೆಂದು ನನ್ನ ಕೋರಿಕೆ. ತಮ್ಮ ಸಿರಪ್ಪಿನ ಪಿಎಚ್ ಎಷ್ಟು, ಸಕ್ಕರೆಯ ಬ್ರಿಕ್ಸ್ (ನೂರಕ್ಕೆ ಎಷ್ಟು ಪಾಲು ಸಕ್ಕರೆ ಎಂಬ ಅಳತೆ) ಎಷ್ಟು ಎಂಬ ಎರಡು ಅಳತೆಗಳು ಕೈಯಲ್ಲಿದ್ದರೆ, ಬೆಂಜೊಯೇಟ್ ಬೇಕೋ ಬೇಡವೋ, ಬೇಕಾದರೆ ಮಿತಿಯ ಅರ್ಧದಷ್ಟೇ ಸಾಕೋ ಎಂಬುದನ್ನು ಅವರೇ ತೀರ್ಮಾನಿಸಬಹುದು. ಪುನರ್ಪುಳಿಯಷ್ಟು ಹುಳಿಯಾದ ಪದಾರ್ಥಕ್ಕೆ ಅನೇಕ ವೇಳೆ ಮಿತಿಯವರೆಗೆ ಹೋಗಬೇಕಾದ ಅಗತ್ಯವೇ ಬರುವುದಿಲ್ಲ.